ನಿಂತ ಮೀಟರುಗಳ ಲೆಕ್ಕ

ನೀರು ಸರಬರಾಜು ಕಚೇರಿಯ ಎರಡನೇ ಮಹಡಿಯಲ್ಲಿ, ಫ್ಯಾನಿದ್ದೂ ಗಾಳಿ ತಲುಪದ ಮೂಲೆಯಲ್ಲಿ ಕೂರುತ್ತಿದ್ದ ವರದಿ ಗುಮಾಸ್ತೆಯನ್ನು ಎದುರಿಗೆ ಎಲ್ಲರೂ ‘ಅಕ್ಕ’ ಎನ್ನುತ್ತಿದ್ದರು. ಬೆನ್ನ ಹಿಂದೆ ‘ಭೂತಗನ್ನಡಿ’ ಎನ್ನುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಆ ಹೆಸರಿಗೆ ಅವಳು ಲಾಯಕ್ಕೇ ಆಗುತ್ತಿರಲಿಲ್ಲ.

ಹಾಲಿನ ಪ್ಯಾಕೆಟ್ಟನ್ನು ಅಂಗೈಯಲ್ಲಿ ತೂಗಿ ನೋಡದೆ ಅವಳು ಒಳಗೆ ಒಯ್ದದ್ದಿಲ್ಲ. ದರ್ಜಿ ಹೊಲಿದು ಕೊಟ್ಟರೆ ಮಿಕ್ಕ ಬಟ್ಟೆಯ ಚೂರು ಎಲ್ಲಿ ಎಂದು ಕೇಳುವಳು. ಬಸ್ಸಿನಲ್ಲಿ ಪಕ್ಕದವರು ತೂಕಡಿಸಿದರೆ ಅದು ನಿದ್ದೆಯೋ ನಟನೆಯೋ ಎಂದು ಇಳಿಯುವ ತನಕ ಓರೆಗಣ್ಣಿನಲ್ಲಿ ನೋಡುವಳು. ಪ್ರಾಯದಲ್ಲಿ ಸಂಬಂಧಗಳು ಬಂದಿರಲಿಲ್ಲವೆಂದಲ್ಲ. ಒಬ್ಬ ಅತಿಯಾಗಿ ನಗುತ್ತಾನೆ, ಇನ್ನೊಬ್ಬ ನಗುವುದೇ ಇಲ್ಲ. ಮೂರನೆಯವನ ವಿಷಯದಲ್ಲಿ ಯಾರೂ ಒಂದೂ ಕೆಟ್ಟ ಮಾತು ಆಡಲಿಲ್ಲ, ಅದೇ ಅವಳಿಗೆ ದೊಡ್ಡ ಅನುಮಾನವಾಯಿತು. ಹೀಗೆ ಮೂವರನ್ನೂ ಸಾಗಹಾಕಿ, ತಾಯಿಯಿಲ್ಲದ ತಂಗಿಯನ್ನು ತಾನೇ ಓದಿಸಿ, ಮದುವೆ ಮಾಡಿ, ಅಪ್ಪ ಬಿಟ್ಟುಹೋದ ಪುಟ್ಟ ಮನೆಯಲ್ಲಿ ಒಬ್ಬಳೇ ಉಳಿದಿದ್ದಳು. ಆ ಮನೆಯಲ್ಲಿ ಬೆಲೆಬಾಳುವ ವಸ್ತುಗಳೇನೂ ಇರಲಿಲ್ಲ. ಇದ್ದ ನಾಲ್ಕನ್ನೇ ಕಳ್ಳರಿಗೆ ಸಿಗದ ಹಾಗೆ ಬಚ್ಚಿಡುತ್ತಿದ್ದಳು. ಎಷ್ಟು ಚೆನ್ನಾಗಿ ಬಚ್ಚಿಡುತ್ತಿದ್ದಳೆಂದರೆ ಆಮೇಲೆ ಅವಳಿಗೂ ಸಿಗುತ್ತಿರಲಿಲ್ಲ.

ಇಂಥ ಸ್ವಭಾವಕ್ಕೆ ತಕ್ಕ ಕೆಲಸವೇ ಸಿಕ್ಕಿತ್ತು. ಕಚೇರಿಯ ಲೆಕ್ಕದಲ್ಲಿ ಎರಡು ತಿಂಗಳಿಗೆ ಒಂದು ಅವಧಿ. ಅವಧಿಗೊಮ್ಮೆ ಮೀಟರ್ ಓದುವವರು ತಮ್ಮ ತಮ್ಮ ಬೀದಿಗಳನ್ನು ಸುತ್ತುತ್ತಾರೆ. ಪ್ರತಿ ಮನೆಯ ಮೀಟರಿನ ಅಂಕಿಯನ್ನು ಕೈಯಲ್ಲಿನ ಮೆಷಿನ್ನಿಗೆ ಒತ್ತಿ, ಬಿಲ್ಲು ಹರಿದು ಬಾಗಿಲಿಗೆ ಸಿಕ್ಕಿಸಿ ಮುಂದಕ್ಕೆ ಹೋಗುತ್ತಾರೆ. ಆ ಅಂಕಿಗಳೆಲ್ಲ ವರದಿಯಾಗಿ ಅಕ್ಕನ ಮೇಜಿಗೆ ಬರುತ್ತವೆ. ಹೋದ ಅವಧಿಯಲ್ಲಿ ಎಷ್ಟಿತ್ತು, ಈ ಅವಧಿಯಲ್ಲಿ ಎಷ್ಟಾಗಿದೆ, ನಡುವೆ ಖರ್ಚಾದ ನೀರೆಷ್ಟು ಎಂದು ಅವಳು ಸಾಲುಸಾಲಾಗಿ ನೋಡಬೇಕು. ನೋಡುತ್ತ ನೋಡುತ್ತ ಅವಳಿಗೆ ಮನೆಗಳ ಒಳಗುಟ್ಟೇ ತಿಳಿದ ಹಾಗಾಗುತ್ತಿತ್ತು. ಇವರ ಮನೆಗೆ ನೆಂಟರು ಬಂದಿದ್ದಾರೆ, ಅವರು ಬಟ್ಟೆ ಒಗೆಯುವ ಯಂತ್ರ ತಂದಿದ್ದಾರೆ, ಇನ್ನೊಬ್ಬರು ಇಲ್ಲವೆನ್ನುತ್ತಲೇ ಮಹಡಿಯನ್ನು ಬಾಡಿಗೆಗೆ ಕೊಟ್ಟಿದ್ದಾರೆ.

ತನ್ನ ಮನೆಯ ಸಾಲು ಬಂದಾಗ ಮಾತ್ರ ಅವಳ ಮುಖ ಅರಳುತ್ತಿತ್ತು. ಬೇಸಿಗೆಯಿರಲಿ ಚಳಿಯಿರಲಿ, ಅವಧಿ ಅವಧಿಗೂ ಖರ್ಚು ಒಂದೇ, ಒಂದು ಲೋಟವೂ ಹೆಚ್ಚುಕಡಿಮೆಯಿಲ್ಲ. ಬಿಲ್ಲನ್ನು ಡಬ್ಬಿಯ ಜೊತೆ ಊಟದ ಮೇಜಿಗೆ ತಂದು ಎಲ್ಲರಿಗೂ ತೋರಿಸುವಳು. ನೀರು ಎಂದರೆ ಹೀಗೆ ಬಳಸಬೇಕು, ಕೈಗೆ ಲಗಾಮು ಇರಬೇಕು ಎನ್ನುವಳು. ಕಚೇರಿಯವರು ಹೌದಕ್ಕ ಹೌದಕ್ಕ ಎಂದು ಊಟ ಮುಗಿಸುವರು. ಜಗತ್ತಿನ ಮೇಲೆಲ್ಲ ಅನುಮಾನಪಡುವವರಿಗೂ ತಮ್ಮ ಹೊಗಳಿಕೆಯ ಮೇಲೆ ಅನುಮಾನ ಬರುವುದಿಲ್ಲ, ನೋಡಿ.

ಆ ವರ್ಷ ಹೊಸ ಮೇಡಂ ಬಂದರು. ವಯಸ್ಸು ಚಿಕ್ಕದು, ಮಾತು ಚುಟುಕು. ಬಂದ ವಾರವೇ ಅಕ್ಕನನ್ನು ಕರೆದು, ಹಿಂದಿನ ಅವಧಿಗಳ ವರದಿಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಒಂದು ಲೆಕ್ಕ ತೆಗೆಯಬೇಕೆಂದರು.

“ಒಂದು ಅವಧಿ ಅಂಕಿ ಅಲುಗಿಲ್ಲ ಅಂದ್ರೆ ಮನೆಯವರು ಎಲ್ಲೋ ಹೋಗಿರಬಹುದು. ಮತ್ತೆ ಮತ್ತೆ ಅದೇ ಅಂಕಿ ಬರ್ತಿದೆ ಅಂದ್ರೆ ಒಂದೋ ಮೀಟರ್ ನಿಂತಿದೆ, ಇಲ್ಲ ಓದೋರು ಮರದ ಕೆಳಗೆ ಕೂತು ಬರೀತಿದ್ದಾರೆ. ಅಂಥ ಮನೆ ಎಷ್ಟಿವೆ, ಯಾರ ಬೀದೀಲಿವೆ, ಎಣಿಸಿ ಕೊಡಿ.”

ಮರದ ಕೆಳಗೆ ಕೂತು ಬರೆದವರು ಸಿಕ್ಕಿದರೆ ಕೆಲಸದಿಂದ ತೆಗೆಯುವುದೇ ಎಂದೂ ಹೇಳಿದರು. ಅಕ್ಕನ ಕಿವಿ ನಿಮಿರಿತು. ಇಷ್ಟು ವರ್ಷಗಳಲ್ಲಿ ಅವಳ ಸ್ವಭಾವಕ್ಕೆ ಮೇಲಿನವರೊಬ್ಬರು ಹೀಗೆ ಅಧಿಕೃತ ಮುದ್ರೆ ಒತ್ತಿದ್ದು ಅದೇ ಮೊದಲು. ಅವಳಿಗೊಂದು ಪ್ರಶ್ನೆಯೂ ಇತ್ತು. ಒಂದೇ ಮನೆ ಮೂರು ಅವಧಿಯಲ್ಲಿ ಮರುಕಳಿಸಿದರೆ ಅದನ್ನು ಒಂದು ಎನ್ನಬೇಕೋ ಮೂರು ಎನ್ನಬೇಕೋ? ಮೂರು ಎನ್ನುವುದೇ ಸರಿ, ಮೂರು ಸಲವೂ ತಪ್ಪು ನಡೆದಿದೆಯಲ್ಲ ಎಂದು ಅವಳ ವಾದ. ಮೇಡಂ ಒಪ್ಪಲಿಲ್ಲ. ಮನೆ ಒಂದೇ ಆದ್ದರಿಂದ ಲೆಕ್ಕವೂ ಒಂದೇ, ಅವಧಿಗೊಂದು ಎಂದು ಕೂಡಿಸುತ್ತ ಹೋದರೆ ಇರುವ ನೂರು ಮನೆ ಐನೂರಾಗಿ ನಮ್ಮನ್ನೇ ಹೆದರಿಸುತ್ತವೆ ಎಂದರು. ಅಕ್ಕ ಬಾಯಲ್ಲಿ ಆಯ್ತು ಎಂದಳು, ಮನಸ್ಸಿನಲ್ಲಿ ಇಲ್ಲವೆಂದಳು.

ಈ ಕೆಲಸವನ್ನು ಕಂಪ್ಯೂಟರ್ ಕಣ್ಣುಮಿಟುಕಿಸುವಷ್ಟರಲ್ಲಿ ಮಾಡುತ್ತಿತ್ತು. ಆದರೆ ಕಂಪ್ಯೂಟರಿಗೂ ಯಾರೋ ಹೇಳಿಕೊಟ್ಟದ್ದು ತಾನೆ! ಅಕ್ಕ ವರದಿಗಳನ್ನು ಅಚ್ಚು ಹಾಕಿಸಿ, ಮೇಜಿನ ಮೇಲೆ ಪಕ್ಕಪಕ್ಕ ಹರಡಿ, ಅಡ್ಡಲಾಗಿ ಸ್ಕೇಲು ಇಟ್ಟು, ಪೆನ್ಸಿಲಿನಿಂದ ಟಿಕ್ಕು ಹಾಕುತ್ತ ಕೂತಳು. ಒಂದು ವರದಿಯ ಅಂಕಿ ಮುಂದಿನದರಲ್ಲೂ ಅದೇ ಆಗಿದ್ದರೆ ಒಂದು ಟಿಕ್ಕು. ಅದರ ಮುಂದಿನದರಲ್ಲೂ ಅದೇ ಬಂದರೆ ಮನೆಗೊಂದು ಸುತ್ತು. ವಾರ ಕಳೆಯುವಷ್ಟರಲ್ಲಿ ಸುತ್ತುಗಳು ಎಲ್ಲಿ ದಟ್ಟವಾಗಿವೆಯೆಂದು ದೂರದಿಂದಲೇ ಕಾಣುವಂತಾಯಿತು. ಹಳೇ ಬಡಾವಣೆಯ ಬೀದಿಗಳಲ್ಲಿ. ಆ ಬೀದಿಗಳ ಮೀಟರ್ ಓದುವವನು ಅವಳ ಸ್ವಂತ ತಂಗಿಯ ಗಂಡ.

ಅಕ್ಕನಿಗೆ ಬೇಸರವಾಗಬೇಕಿತ್ತು. ಆಗಲಿಲ್ಲ. ಹೊಟ್ಟೆಯೊಳಗೆ ಏನೋ ತಣ್ಣಗಾಯಿತು. ‘ನಾನು ಅವತ್ತೇ ಹೇಳಿರಲಿಲ್ಲವೇ’ ಎಂದು ಯಾರಿಗೋ ಹೇಳುವ ಆಸೆಯಾಯಿತು, ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಅವತ್ತು ಎಂದರೆ ನಾಲ್ಕು ವರ್ಷದ ಹಿಂದೆ. ಆಗ ತಂಗಿಯ ಮಕ್ಕಳಿಬ್ಬರೂ ಶಾಲೆಯಿಂದ ನೇರ ದೊಡ್ಡಮ್ಮನ ಮನೆಗೇ ಬರುತ್ತಿದ್ದರು. ಕೈಕಾಲು ತೊಳೆಯುವುದು, ಮಣ್ಣಾದ ಬಟ್ಟೆ ಒಗೆಯುವುದು, ಹಿತ್ತಲಲ್ಲಿ ಪೈಪು ಹಿಡಿದು ಒಬ್ಬರಿಗೊಬ್ಬರು ನೀರೆರಚುವುದು, ಎಲ್ಲ ಅಲ್ಲೇ. ಅಕ್ಕ ಗದರುತ್ತಿದ್ದಳು, ಗದರುತ್ತಲೇ ಟವೆಲು ತರುತ್ತಿದ್ದಳು. ಒಂದು ದಿನ ಅವಳು ಜ್ವರ ಬಂದು ಮಲಗಿದ್ದಾಗ ತಂಗಿಯ ಗಂಡ ಪಕ್ಕದ ಓಣಿಯ ಗೇಟಿನಿಂದ ಹಿತ್ತಲಿಗೆ ಹೋಗಿ ಮೀಟರ್ ಓದಿ, ಅಡುಗೆಮನೆಯಲ್ಲಿ ಒಂದು ಲೋಟ ನೀರು ಕುಡಿದು ಹೋದ. ಸಂಜೆ ನೋಡಿದರೆ ಅಪ್ಪನ ಕೈಗಡಿಯಾರ ಕಾಣಲಿಲ್ಲ. ಅಕ್ಕ ಮನೆ ಹುಡುಕುವ ಮೊದಲೇ ಫೋನ್ ಹಚ್ಚಿದಳು. ಒಳಗೆ ಬಂದವನು ನೀನೊಬ್ಬನೇ ಎಂದಳು. ಮೂರನೇ ದಿನ ಗಡಿಯಾರ ಅವಳದೇ ಹಾಸಿಗೆಯಡಿ ಸಿಕ್ಕಿತು. ಬೇರೆ ಯಾರಾದರೂ ಆಗಿದ್ದರೆ ತಪ್ಪಾಯಿತು ಎನ್ನುತ್ತಿದ್ದರು. ಅಕ್ಕ ತಂಗಿಗೆ ಫೋನ್ ಮಾಡಿ, ಗಡಿಯಾರ ಸಿಕ್ಕಿದೆ, ಅಂದರೆ ಯಾರೋ ತಂದು ಇಟ್ಟು ಹೋಗಿದ್ದಾರೆ ಎಂದಳು.

ಅಲ್ಲಿಗೆ ಎಲ್ಲ ಮುಗಿಯಿತು. ಮಕ್ಕಳು ಬರುವುದು ನಿಂತಿತು. ಓಣಿಯ ಗೇಟಿಗೆ ಅಕ್ಕ ಒಂದು ಭಾರಿ ಬೀಗ ತಂದು ಜಡಿದಳು. ಕಚೇರಿಯ ಮೆಟ್ಟಿಲಲ್ಲಿ ಎದುರಾದರೆ ತಂಗಿಯ ಗಂಡ ತಲೆಬಾಗಿಸಿ ಪಕ್ಕಕ್ಕೆ ಸರಿಯುತ್ತಿದ್ದ. ಕಳ್ಳನಲ್ಲದಿದ್ದರೆ ತಲೆ ಯಾಕೆ ತಗ್ಗಿಸಬೇಕು ಎಂದು ಅಕ್ಕ ಅದನ್ನೂ ಅವನ ಲೆಕ್ಕಕ್ಕೇ ಬರೆದುಕೊಳ್ಳುತ್ತಿದ್ದಳು.

ಈಗ ಈ ಸುತ್ತುಗಳು. ಅಂಕಿಯಲ್ಲಿ ಸುಳ್ಳು ಬರೆಯುವವನು ಗಡಿಯಾರವನ್ನೂ ಎತ್ತಿರಲೇಬೇಕು. ಇದು ಸಾಬೀತಾದರೆ ನಾಲ್ಕು ವರ್ಷ ಮಕ್ಕಳ ಮುಖ ನೋಡದೆ ಕಳೆದದ್ದಕ್ಕೊಂದು ಅರ್ಥ ಬರುತ್ತಿತ್ತು. ಸಾಬೀತಾಗದಿದ್ದರೆ? ಆ ಕಡೆಗೆ ಅವಳು ಯೋಚನೆಯನ್ನು ಬಿಡಲೇ ಇಲ್ಲ.

ಟೀ ತಂದ ಜವಾನ ಹಾಳೆಗಳತ್ತ ಕಣ್ಣು ಹಾಯಿಸಿ ಹೋದ. ಕಚೇರಿಯಲ್ಲಿ ಸುದ್ದಿ ಹಬ್ಬಲು ಅಷ್ಟು ಸಾಕು. ಎರಡು ದಿನಕ್ಕೆ ತಂಗಿಯೇ ಕಚೇರಿಯ ಸೈಕಲ್ ಸ್ಟ್ಯಾಂಡಿನ ಹತ್ತಿರ ಬಂದು ನಿಂತಿದ್ದಳು. ಮೊದಲಿಗಿಂತ ಇಳಿದಿದ್ದಳು, ಕನ್ನಡಕ ಬಂದಿತ್ತು. ಅಕ್ಕನಿಗೆ ಎದೆ ಹಿಂಡಿದಂತಾಯಿತು, ಮರುಗಳಿಗೆಗೇ ಇವಳನ್ನು ಅವನೇ ಕಳಿಸಿರಬೇಕು ಎನಿಸಿತು.

“ಅವರು ಕಳಿಸಿದ್ದಲ್ಲ,” ಎಂದಳು ತಂಗಿ, ಅಕ್ಕನ ಮುಖ ಓದಿದವಳಂತೆ. “ಅವರಿಗೆ ನಾನು ಬಂದಿರೋದೇ ಗೊತ್ತಿಲ್ಲ. ಅಕ್ಕಾ, ಅವರ ಕೆಲಸ ಹೋದ್ರೆ ನಮ್ಮನೆ ನಡಿಯಲ್ಲ. ಅದಕ್ಕೆ ಬಿಟ್ಟುಬಿಡು ಅಂತ ಕೇಳ್ತಿಲ್ಲ. ಬರೆಯೋಕೆ ಮುಂಚೆ ಒಂದ್ಸಲ ಹೋಗಿ ಕಣ್ಣಾರೆ ನೋಡು. ಅವತ್ತು ನೋಡ್ಲಿಲ್ಲ ನೀನು.”

ಅವತ್ತು ಎಂದರೆ ಯಾವತ್ತೆಂದು ಇಬ್ಬರಿಗೂ ಗೊತ್ತಿತ್ತು. ಮಕ್ಕಳು ಹೇಗಿದ್ದಾರೆ ಎಂದು ಕೇಳುವ ಮಾತು ಅಕ್ಕನ ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ನೋಡುತ್ತೇನೆ ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದಳು.

ರಜೆಯ ದಿನ, ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು, ಸುತ್ತು ಬಿದ್ದ ಮನೆಗಳ ಪಟ್ಟಿ ಹಿಡಿದು ಅಕ್ಕ ಹಳೇ ಬಡಾವಣೆಯ ಬೀದಿಗಳನ್ನು ಸುತ್ತಲು ಹೊರಟಳು. ಕಳ್ಳನನ್ನು ಕೈಯಾರೆ ಹಿಡಿಯುವ ಉಮೇದು ನಡಿಗೆಯಲ್ಲೇ ಕಾಣುತ್ತಿತ್ತು.

ಮೊದಲನೇ ಮನೆಗೆ ಬೀಗ. ಗೇಟಿನ ಸರಪಳಿ ತುಕ್ಕು ಹಿಡಿದು ಕಂಬಿಗೇ ಅಂಟಿತ್ತು, ಒಳಗೆ ಒಣ ಎಲೆಗಳು ಮೆಟ್ಟಿಲು ಮುಚ್ಚಿದ್ದವು. ಗೇಟಿನ ಪಕ್ಕದ ಮೀಟರ್ ಕಂಬಿಯ ಸಂದಿಯಿಂದಲೇ ಕಾಣುತ್ತಿತ್ತು, ಅಂಕಿ ವರದಿಯದೇ. ಪಕ್ಕದ ಮನೆಯಾಕೆ ಕಿಟಕಿಯಿಂದಲೇ, ಯಾರು ಬೇಕು, ಯಾಕೆ ಬೇಕು, ಅರ್ಧ ಗಂಟೆಯಿಂದ ಇಲ್ಲೇ ಯಾಕೆ ಸುಳಿದಾಡುತ್ತಿದ್ದೀರಿ ಎಂದು ಕೇಳಿದಳು. ಅಕ್ಕ ಬಂದು ಐದು ನಿಮಿಷವೂ ಆಗಿರಲಿಲ್ಲ. ನೀರಿನ ಕಚೇರಿಯವಳು ಎಂದರೆ, ನೀರಿನ ಕಚೇರಿಯವರು ರಜೆಯ ದಿನ ಯಾಕೆ ಬರುತ್ತಾರೆ ಎಂದಳು. ಅನುಮಾನ ಮತ್ತೊಬ್ಬರ ಕಣ್ಣಿನಿಂದ ತನ್ನ ಮೇಲೆ ಬಿದ್ದರೆ ಹೇಗಿರುತ್ತದೆಂದು ಅಕ್ಕನಿಗೆ ಆವರೆಗೆ ಗೊತ್ತಿರಲಿಲ್ಲ. ಮೈಮೇಲೆ ಯಾರೋ ಕೈಯಾಡಿಸಿದ ಹಾಗಿತ್ತು.

ಎರಡನೇ ಮನೆಯ ನಿವೃತ್ತ ಮೇಷ್ಟರು ಗುರುತಿನ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಒಳಗೆ ಬಿಟ್ಟರು. ಮೀಟರ್ ಒಂದು ಮುರಿದ ಕುರ್ಚಿಯ ಹಿಂದಿತ್ತು. ಅಕ್ಕ ನಲ್ಲಿ ಪೂರ್ತಿ ಬಿಡಿಸಿ ಬಗ್ಗಿ ನೋಡಿದಳು. ಬಕೆಟ್ಟು ತುಂಬಿ ಹೊರಚೆಲ್ಲಿದರೂ ಮೀಟರಿನ ಚಕ್ರ ಅಲುಗಲಿಲ್ಲ. ಅಂಕಿ ವರದಿಯಲ್ಲಿದ್ದದ್ದೇ.

“ನಿಮ್ಮ ಹುಡುಗ ಪ್ರತೀ ಸಲ ಹೇಳ್ತಾನಮ್ಮ, ಮೀಟರ್ ನಿಂತಿದೆ ಸಾರ್, ಅರ್ಜಿ ಕೊಡಿ ಅಂತ. ಎರಡು ಸಲ ಕೊಟ್ಟೆ. ಬದಲಾಯಿಸಬೇಕಾದವರು ನೀವಲ್ವಾ?” ಎಂದರು ಮೇಷ್ಟರು. ಹುಡುಗ ಬಗ್ಗಿ, ಕರ್ಚೀಫಿನಿಂದ ಗಾಜು ಒರೆಸಿ, ಅಂಕಿಯನ್ನು ಜೋರಾಗಿ ಓದಿ, ನೀವೂ ನೋಡಿ ಎಂದು ತಮಗೂ ತೋರಿಸಿಯೇ ಬರೆಯುತ್ತಾನೆಂದೂ ಹೇಳಿದರು.

ಹೇಳಿಕೊಟ್ಟ ಮಾತಿರಬಹುದು ಎಂದುಕೊಂಡಳು ಅಕ್ಕ. ಆದರೆ ಹೊಲಿಗೆ ಅಂಗಡಿಯವನೂ ಅದನ್ನೇ ಹೇಳಿದ. ಅಂಗಡಿಯಲ್ಲಿ ನಲ್ಲಿಯೇ ಇಲ್ಲ, ಹಳೆಯ ಸಂಪರ್ಕ ಕಿತ್ತಿಲ್ಲವಷ್ಟೆ, ಆದರೂ ಓದುವವನು ಬಂದು ಗಾಜು ಒರೆಸಿ ಓದಿಯೇ ಹೋಗುತ್ತಾನೆ. ಮೂಲೆಮನೆಯ ಅಜ್ಜಿ ಬಾಗಿಲ ಸರಪಳಿ ತೆಗೆಯದೆ ಸಂದಿಯಿಂದಲೇ, ಅಂಕಿ ಓದುವವನು ಬಂದರೆ ಬಿಡುತ್ತೇನೆ, ನಿನ್ನನ್ನು ನಾನು ನೋಡಿಲ್ಲ ಎಂದು ಬಾಗಿಲು ಹಾಕಿಕೊಂಡಳು. ಕೊನೆಗೆ ಆ ಮನೆಯ ಮೀಟರನ್ನು ಗೋಡೆಯಾಚೆಯಿಂದ ಎಟಕಿಸಿ ನೋಡಬೇಕಾಯಿತು. ಅಲ್ಲೂ ವರದಿಯದೇ ಅಂಕಿ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಪಟ್ಟಿ ಮುಗಿಯಿತು. ಬಡಾವಣೆ ಹಳೆಯದು, ಮೀಟರುಗಳು ಅದಕ್ಕಿಂತ ಹಳೆಯವು, ನಿಂತಿವೆ. ಒಂದು ಮನೆಯಲ್ಲೂ ಸುಳ್ಳು ಸಿಗಲಿಲ್ಲ.

ಅಕ್ಕನಿಗೆ ಸಮಾಧಾನವಾಗಬೇಕಿತ್ತು, ಸಿಟ್ಟು ಬಂತು. ಎಲ್ಲೋ ಒಂದು ಕಡೆ ಇರಲೇಬೇಕು ಎಂದು ಹಲ್ಲು ಕಚ್ಚಿಕೊಂಡು, ಅದೇ ಬಡಾವಣೆಯ ಕೊನೆಯ ಬೀದಿಯಲ್ಲಿದ್ದ ತನ್ನ ಮನೆಗೆ ಬಂದಳು. ಕಾಲು ತೊಳೆಯಲು ಹಿತ್ತಲಿಗೆ ಹೋದಳು. ಅಲ್ಲಿ ಒಗೆಯುವ ಕಲ್ಲಿನ ಪಕ್ಕ ಕವುಚಿಟ್ಟ ಬಕೆಟ್ಟು, ಅದರ ಕೆಳಗೆ ಅವಳ ಮೀಟರು. ದಿನವಿಡೀ ಬಗ್ಗಿ ಬಗ್ಗಿ ಅಭ್ಯಾಸವಾಗಿದ್ದ ಬೆನ್ನು ತಾನಾಗಿ ಬಗ್ಗಿತು. ಬಕೆಟ್ಟು ಎತ್ತಿದಳು. ಗಾಜಿನ ಮೇಲೆ ಹಸಿರು ಪಾಚಿ ದಪ್ಪಗೆ ಕಟ್ಟಿತ್ತು. ಕರ್ಚೀಫಿನಿಂದ ಒರೆಸುವವನು ಇದನ್ನು ಒರೆಸಿ ಬಹಳ ಕಾಲವಾಗಿತ್ತು.

ಉಗುರಿನಿಂದ ಪಾಚಿ ಕೆರೆದು ಓದಿದಳು. ತನ್ನ ಮನೆಯ ಸಾಲು ಅವಳಿಗೆ ಬಾಯಿಪಾಠ. ಮೀಟರಿನ ಅಂಕಿ ಅದಕ್ಕಿಂತ ಎಷ್ಟೋ ಹಿಂದಿತ್ತು.

ಮೊದಲು ಬಂದ ಯೋಚನೆ, ಯಾರೋ ಮೀಟರ್ ಹಿಂದಕ್ಕೆ ತಿರುಗಿಸಿದ್ದಾರೆ. ಎರಡನೆಯದು, ಸಿಕ್ಕಿಬಿದ್ದ. ಅವನು ಇಲ್ಲಿಗೆ ಬಂದೇ ಇಲ್ಲ, ಬೀದಿಯಲ್ಲಿ ನಿಂತು ಮನಸ್ಸಿಗೆ ಬಂದದ್ದು ಬರೆದಿದ್ದಾನೆ. ಅಂಕಿ ನಿಂತಿದ್ದರೆ ಅವಳ ಸ್ಕೇಲಿಗೆ ಸಿಗುತ್ತಿತ್ತು. ಅವನು ನಿಲ್ಲಿಸಿರಲಿಲ್ಲ, ಪ್ರತೀ ಅವಧಿಗೂ ಒಂದೇ ಅಳತೆಯಲ್ಲಿ ಮುಂದಕ್ಕೆ ಸರಿಸಿದ್ದ. ಅವಳು ಎಣಿಸಿದ್ದು ಮರುಕಳಿಸಿದ ಅಂಕಿಗಳನ್ನು, ಸುಳ್ಳು ಇದ್ದದ್ದು ಮರುಕಳಿಸಿದ ಖರ್ಚಿನಲ್ಲಿ. ಊಟದ ಮೇಜಿನಲ್ಲಿ ಎಲ್ಲರಿಗೂ ತೋರಿಸಿ ಬೀಗಿದ್ದ ಅದೇ ಖರ್ಚು.

ಅವಳು ಗೆದ್ದವಳ ಹಾಗೆ ಎದ್ದು ನಿಂತಳು. ಆಗ ಓಣಿಯ ಕೊನೆಯಲ್ಲಿ ಗೇಟು ಕಣ್ಣಿಗೆ ಬಿತ್ತು, ಗೇಟಿಗೆ ಬೀಗ.

ಬೀಗ ಜಡಿದವಳು ತಾನೇ. ಬೀಗದ ಒಳಗಿನ ಮೀಟರನ್ನು ಹೊರಗಿನವನು ಹೇಗೆ ಓದಬೇಕೆಂದು, ವರದಿಯ ಗುಮಾಸ್ತೆಯಾಗಿಯೂ, ನಾಲ್ಕು ವರ್ಷದಲ್ಲಿ ಒಮ್ಮೆ ತಲೆಗೆ ಹೊಳೆದಿರಲಿಲ್ಲ. ಮನೆಗೆ ಬೀಗ ಎಂದು ಅವನು ಬರೆಯಬಹುದಿತ್ತು, ಮೆಷಿನ್ನಿನಲ್ಲಿ ಅದಕ್ಕೊಂದು ಗುರುತಿದೆ. ಬರೆದಿದ್ದರೆ ಅದು ಇವಳ ಮೇಜಿಗೇ ಬರುತ್ತಿತ್ತು. ಬೀಗ ಯಾಕೆ, ಯಾರಿಗಾಗಿ ಎಂದು ಕಚೇರಿಗೆಲ್ಲ ತಿಳಿಯುತ್ತಿತ್ತು. ಅದಕ್ಕೇ ಬರೆದಿರಲಿಲ್ಲ.

ಅವಳು ಒಗೆಯುವ ಕಲ್ಲಿನ ಮೇಲೆ ಕುಸಿದಳು. ಅವನು ಬರೆಯುತ್ತ ಬಂದ ಆ ಖರ್ಚು ಎಲ್ಲಿಂದ ಬಂದದ್ದೆಂದು ಈಗ ಹೊಳೆಯಿತು. ಅದು ಅವನು ಕೊನೆಯ ಸಲ ಈ ಹಿತ್ತಲಲ್ಲಿ ನಿಂತು ಓದಿದ ಖರ್ಚು, ಮಕ್ಕಳು ಇಲ್ಲಿ ಪೈಪು ಹಿಡಿದು ಆಡುತ್ತಿದ್ದ ಕಾಲದ್ದು. ಮಕ್ಕಳು ಹೋದ ಮೇಲೆ ನೀರು ಇಳಿಯಬೇಕಿತ್ತು. ಮೀಟರಿನಲ್ಲಿ ಇಳಿದಿತ್ತು. ವರದಿಯಲ್ಲಿ ಮಾತ್ರ ಇಳಿದಿರಲಿಲ್ಲ, ಅದನ್ನು ಅವಳು ತನ್ನ ಶಿಸ್ತು ಎಂದುಕೊಂಡಿದ್ದಳು. ಗಡಿಯಾರದ ವಿಷಯವೂ ಅಷ್ಟೇ. ಜ್ವರದ ಮಂಪರಿನಲ್ಲಿ ಹಾಸಿಗೆಯಡಿ ತುರುಕಿದ್ದು ತಾನೇ ಎಂದು ಅವಳಿಗೆ ಸಿಕ್ಕಿದ ದಿನವೇ ಗೊತ್ತಿತ್ತು. ಗೊತ್ತಿದ್ದರೂ ಒಪ್ಪಿರಲಿಲ್ಲ. ಅವಳಿಗೆ ಅಳು ಬಂತು. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಗೋಡೆಯಾಚೆ ಇಣುಕಿ ನೋಡಿ, ಆಮೇಲೆ ಅತ್ತಳು.

ಮುಂದಿನ ವಾರ ಮೇಡಂ ಮೇಜಿನ ಮೇಲೆ ಲೆಕ್ಕ ಇತ್ತು. ಹಳೇ ಬಡಾವಣೆಯ ಮನೆಗಳಿಗೆಲ್ಲ ‘ಮೀಟರ್ ಕೆಟ್ಟಿದೆ ಇಲ್ಲವೇ ಬಳಕೆಯಿಲ್ಲ, ಓದಿದ್ದು ಸರಿ’ ಎಂಬ ಷರಾ. ಕೊನೆಗೆ ಪ್ರತ್ಯೇಕವಾಗಿ ಒಂದು ಮನೆ. ‘ಓದದೆ ಬರೆದದ್ದು. ಕಾರಣ, ಮನೆಯವರು ಗೇಟಿಗೆ ಬೀಗ ಹಾಕಿದ್ದಾರೆ.’

ಈ ಮನೆ ಯಾರದು ಎಂದು ಮೇಡಂ ಕೇಳಿದರು. ನನ್ನದು ಎಂದಳು ಅಕ್ಕ. ಬೀಗ ಯಾಕೆ ಹಾಕಿದ್ದೀರಿ ಎಂದದ್ದಕ್ಕೆ, ಓದುವವರ ಮೇಲೆ ಅನುಮಾನವಿತ್ತು, ಆ ಅನುಮಾನ ತಪ್ಪು ಎಂದಳು. ಮೇಡಂ ಅವಳನ್ನು ಒಂದು ಸಲ, ಹಾಳೆಯನ್ನು ಒಂದು ಸಲ ನೋಡಿ, ಒಂದು ಮನೆಗೆ ಯಾರ ಕೆಲಸವೂ ಹೋಗುವುದಿಲ್ಲ, ಬರೆದವರಿಗೂ ಬೀಗ ಹಾಕಿದವರಿಗೂ ಒಂದೊಂದು ನೋಟಿಸು ಹೋಗಲಿ, ಒಟ್ಟು ಲೆಕ್ಕಕ್ಕೆ ಒಂದು ಎಂದು ಸೇರಿಸಿ ಎಂದರು.

“ಇದನ್ನೊಂದು ಮಾತ್ರ ಅವಧಿಗೊಂದು ಅಂತ ಎಣಿಸಿ ಮೇಡಂ,” ಎಂದಳು ಅಕ್ಕ. “ಪ್ರತೀ ಸಲ ಅವರು ಗೇಟಿನ ತನಕ ಬಂದು ವಾಪಸ್ಸು ಹೋಗಿದ್ದಾರೆ.”

ನಿಯಮ ನಿಯಮವೇ, ಮನೆ ಒಂದೇ ಎಂದು ಮೇಡಂ ಸಹಿ ಹಾಕಿದರು. ತನ್ನ ಹೆಸರಿನ ನೋಟಿಸನ್ನು ಅಕ್ಕ ತಾನೇ ಟೈಪು ಮಾಡಿ, ತಾನೇ ಲಕೋಟೆಗೆ ಅಂಟು ಹಚ್ಚಿ, ತಲುಪಿದೆ ಎಂದು ತಾನೇ ರುಜು ಹಾಕಿದಳು. ಜವಾನ ಅದನ್ನು ನೋಡಿ ನಗಲೋ ಬೇಡವೋ ತಿಳಿಯದೆ ಟೀ ಇಟ್ಟು ಹೋದ.

ಮೀಟರ್ ಓದುವ ದಿನ ಅಕ್ಕ ರಜೆ ಹಾಕಿದಳು. ಬೆಳಿಗ್ಗೆಯೇ ಬೀಗ ತೆಗೆದು ಗೇಟು ತೆರೆದಿಟ್ಟಳು. ಕಿಟಕಿಯ ಪರದೆಯ ಸಂದಿಗೆ ಕಣ್ಣಿಟ್ಟು ಕೂತಳು, ಹಳೆಯ ಚಾಳಿ ಒಂದೇ ದಿನಕ್ಕೆ ಬಿಡುತ್ತದೆಯೇ! ತಂಗಿಯ ಗಂಡ ಪಕ್ಕದ ಮನೆಯಿಂದ ಹೊರಬಂದ, ಕರ್ಚೀಫು ಮಡಚಿ ಜೇಬಿಗಿಟ್ಟ, ಇವಳ ಮನೆಯ ಮುಂದೆ ಬಂದು ವಿದ್ಯುತ್ ಕಂಬಕ್ಕೆ ಒರಗಿ ನಿಂತ. ತೆರೆದ ಗೇಟನ್ನು ನೋಡಿದ. ಒಳಗೆ ಬರಲಿಲ್ಲ.

ಅಕ್ಕ ಬಾಗಿಲು ತೆಗೆದು ಹೊರಗೆ ಬಂದಳು.

“ನೋಟಿಸು ಬಂತು ಅಕ್ಕ,” ಎಂದ ಅವನು. “ನಾನು ಬರೆದಿದ್ದು ತಪ್ಪೇ. ಇವತ್ತು ಸರಿಯಾಗಿ ಬರೀತೀನಿ. ನೀವೇ ಓದಿ ಹೇಳಿ, ನಾನಿಲ್ಲೇ ನಿಂತು ಬರ್ಕೊಳ್ತೀನಿ.”

“ನಾನು ಸುಳ್ಳು ಹೇಳಿದ್ರೆ?”

“ನೀವ್ಯಾಕೆ ಸುಳ್ಳು ಹೇಳ್ತೀರಿ?” ಎಂದ.

ಅವನು ಕುಟುಕಲು ಕೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದ. ಅಕ್ಕನಿಗೆ ಮುಖಕ್ಕೆ ಹೊಡೆದಂತಾಯಿತು. ಇಷ್ಟು ವರ್ಷ ಅವಳು ಎಲ್ಲರನ್ನೂ ಎಷ್ಟೋ ಪ್ರಶ್ನೆ ಕೇಳಿದ್ದಳು, ಈ ಒಂದನ್ನು ಯಾರ ವಿಷಯದಲ್ಲೂ ಕೇಳಿಕೊಂಡಿರಲಿಲ್ಲ.

“ಗಡಿಯಾರ ಹಾಸಿಗೆ ಕೆಳಗೆ ಇಟ್ಟಿದ್ದು ನಾನೇ,” ಎಂದಳು. “ಅವತ್ತೇ ಗೊತ್ತಿತ್ತು ನನಗೆ. ಒಳಗೆ ಬನ್ನಿ.”

ಅವನು ಗೇಟಿನ ತನಕ ಬಂದು, “ಹಾಗಾದ್ರೆ ನೀವೂ ಜೊತೆಗೆ ಬನ್ನಿ,” ಎಂದ. ಅವಳ ಕಣ್ಣೆದುರಿಗಲ್ಲದೆ ಆ ಮನೆಯಲ್ಲಿ ಅವನು ಹೆಜ್ಜೆ ಇಡಲೊಲ್ಲ.

“ಇಲ್ಲ, ನೀವೊಬ್ಬರೇ ಹೋಗಿ ಬನ್ನಿ,” ಎಂದು ಅಕ್ಕ ಮುಂಬಾಗಿಲ ಮೆಟ್ಟಿಲ ಮೇಲೆ, ಮನೆಗೆ ಬೆನ್ನು ಹಾಕಿ ಕೂತುಬಿಟ್ಟಳು.

ಓಣಿಯಲ್ಲಿ ಅವನ ಚಪ್ಪಲಿಯ ಸದ್ದು ಹೋಯಿತು. ಬಕೆಟ್ಟು ಎತ್ತಿದ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ಒಂದು ಅಂಕಿ ಓದಲು ಇಷ್ಟು ಹೊತ್ತೇ? ಹಿತ್ತಲ ಬಾಗಿಲು ತೆರೆದೇ ಇದೆ. ಅಡುಗೆಮನೆಯಲ್ಲಿ ಏನೋ ಕಬ್ಬಿಣದ ಸಾಮಾನು ಸರಿದ ಸದ್ದು. ಅವಳ ಕತ್ತು ತಾನಾಗಿ ಅರ್ಧ ತಿರುಗಿತು. ಎರಡು ಕೈಯಿಂದಲೂ ಮಂಡಿಗಳನ್ನು ಬಿಗಿಯಾಗಿ ಹಿಡಿದುಕೊಂಡು, ಎದುರ ಮನೆಯ ಗೋಡೆಯ ಬಿರುಕನ್ನೇ ನೋಡುತ್ತ ಕೂತಳು. ತಿರುಗಿ ನೋಡಲಿಲ್ಲ. ಅವಳ ಮಟ್ಟಿಗೆ ಅದು ಬೆಟ್ಟ ಹತ್ತಿದಷ್ಟು ಆಯಾಸದ ಕೆಲಸವಾಗಿತ್ತು.

ಅವನು ಬಂದ. ಅಂಗೈಗೆ ಪಾಚಿಯ ಹಸಿರು ಮೆತ್ತಿತ್ತು, ತೋಳು ನೆನೆದಿತ್ತು. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು, ಇಕ್ಕಳ ಸಿಕ್ಕಿತು, ಬಿಗಿ ಮಾಡಿದೆ ಎಂದ. ಅಂಕಿಯನ್ನು ಜೋರಾಗಿ ಓದಿ ಮೆಷಿನ್ನಿಗೆ ಒತ್ತಿದ. ಬಿಲ್ಲು ಬರಲಿಲ್ಲ.

“ನಾನು ಬರೆದಿರೋದು ಎಷ್ಟೋ ಮುಂದಿದೆಯಲ್ಲ ಅಕ್ಕ. ಮೀಟರ್ ಓಡಿ ಓಡಿ ಆ ಅಂಕಿ ಮುಟ್ಟೋವರೆಗೂ ನಿಮಗೆ ಬಿಲ್ ಬರಲ್ಲ. ಒಬ್ಬರೇ ಇದ್ರೆ ವರ್ಷಗಳೇ ಹಿಡಿಯುತ್ತೆ.”

“ಮಕ್ಕಳನ್ನ ಕಳಿಸಿ,” ಎಂದಳು ಅಕ್ಕ. “ಬೇಗ ಮುಟ್ಟುತ್ತೆ.”

ಅವನು ಮೆಷಿನ್ನನ್ನು ಚೀಲಕ್ಕಿಟ್ಟು, ಮುಂದಿನ ಮನೆಯ ಕಡೆ ನಾಲ್ಕು ಹೆಜ್ಜೆ ಹೋಗಿ ನಿಂತು, ಹಿತ್ತಲಿನ ಪೈಪು ಇನ್ನೂ ಇದೆಯಾ ಎಂದು ಕೇಳಿದ.